ಚಿಕಿತ್ಸಾಪರೀಕ್ಷೆಯೂ ರೋಗಿಯ ಸಮ್ಮತಿಯೂ

ಆಸ್ಪತ್ರೆಗೆ ಬಂದ ರೋಗಿಗಳನ್ನು ಹೊರದೇಶದವರು ನಡೆಯಿಸುವ ಔಷಧಪರೀಕ್ಷೆಗಳಿಗೆ ಸೇರಿಸಿಕೊಳ್ಳುವ ವಿಷಯದಲ್ಲಿ ನಮ್ಮ ವಿದ್ಯಾವಂತರ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಪಕ್ಷದವರು, “ನಮ್ಮ ಬಡವರನ್ನು ಇಲಿಗಳಂತೆ ಬಳಸಿಕೊಳ್ಳುತ್ತಿರುವರು, ಇದು ಸರ್ವಥಾ ನಿಲ್ಲತಕ್ಕದ್ದು” ಎನ್ನುವರು. ಮತ್ತೊಂದು ಪಕ್ಷದವರು, “ಕಾಗದದ ಮೇಲೆ ರೋಗಿಯದೋ ಬಂಧುವಿನದೋ ರುಜು ಇದೆಯಷ್ಟೆ, ಇನ್ನು ಆಕ್ಷೇಪಕ್ಕೆ ಎಡೆಯೆಲ್ಲಿ?” ಎನ್ನುವರು. ಮೊದಲಿನವರು ಕರುಣೆಯಿಂದಲೂ ಎರಡನೆಯವರು ಕಾನೂನಿನ ತಿಳಿವಳಿಕೆಯಿಂದಲೂ ಮಾತನಾಡುವರೆಂಬುದು ನಿಜ. ಆದರೆ ಇಬ್ಬರೂ ವಿಷಯದ ಅರ್ಧವನ್ನು ಮಾತ್ರ ಕಂಡವರೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಬರಿಯ ತರ್ಕವನ್ನು ಹೆಣೆಯದೆ, ನಡೆದುಹೋದ ಪರೀಕ್ಷೆಗಳನ್ನೇ ವಾಚಕರ ಮುಂದಿಡುವೆನು.

ತಲೆಗೆ ಪೆಟ್ಟುಬಿದ್ದು ಪ್ರಜ್ಞೆ ತಪ್ಪಿದವರಿಗೆ ಸ್ಟೀರಾಯ್ಡ್ ಎಂಬ ವರ್ಗದ ಔಷಧವನ್ನು ಕೊಡುವ ಪದ್ಧತಿ ಲೋಕದ ಅನೇಕ ದೇಶಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿತ್ತು. ಮೆದುಳಿನ ಬಾವು ಇದರಿಂದ ಇಳಿಯುವುದೆಂದು ವೈದ್ಯರು ನಂಬಿದ್ದರು. ಕೊಟ್ಟ ಬಳಿಕ ಬದುಕಿದವನನ್ನು ಕಂಡು, ಔಷಧದಿಂದ ಬದುಕಿದನೆಂದರು. ಸತ್ತವನನ್ನು ಕಂಡು, ಪೆಟ್ಟಿನಿಂದ ಸತ್ತನೆಂದರು. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಗಂಟುಹಾಕುವುದನ್ನು ನಮ್ಮ ಹಿರಿಯರು ಕಾಕತಾಳೀಯವೆಂದು ಹಾಸ್ಯಮಾಡಿದರು. ಇಲ್ಲಿ ಆ ಹಾಸ್ಯವೇ ಮೂರು ದಶಕಗಳ ಕಾಲ ಶಾಸ್ತ್ರವಾಗಿ ನಡೆಯಿತು.

ಈ ನಂಬಿಕೆ ನಿಜವೋ ಸುಳ್ಳೋ ಎಂಬುದನ್ನು ನಿರ್ಣಯಿಸಲು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯವರ ಮುಂದಾಳುತನದಲ್ಲಿ ‘ಕ್ರ್ಯಾಶ್’ ಎಂಬ ಹೆಸರಿನ ಪರೀಕ್ಷೆ ನಡೆಯಿತು. 49 ದೇಶಗಳ 239 ಆಸ್ಪತ್ರೆಗಳಿಂದ 10,008 ಗಾಯಾಳುಗಳು ಇದಕ್ಕೆ ಸೇರಿದರು. ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಔಷಧವೂ ಉಳಿದರ್ಧಕ್ಕೆ ನೋಡಲು ಅದರಂತೆಯೇ ಇರುವ ನಿರೌಷಧದ್ರವವೂ ದೊರೆಯಿತು. ಯಾರಿಗೆ ಯಾವುದು ಹೋಯಿತೆಂಬುದು ಕೊಡುವ ವೈದ್ಯನಿಗೂ ತಿಳಿಯದು. ಶಸ್ತ್ರಚಿಕಿತ್ಸೆ, ಶುಶ್ರೂಷೆ ಮೊದಲಾದ ಉಳಿದೆಲ್ಲ ಉಪಚಾರವೂ ಎರಡು ಗುಂಪುಗಳಿಗೂ ನಡೆದೇ ಇತ್ತು. 20,000 ಜನರನ್ನು ಸೇರಿಸಬೇಕೆಂಬುದು ಮೂಲ ಸಂಕಲ್ಪ. ಆದರೆ 2004ನೆಯ ಇಸವಿಯ ಮೇ ತಿಂಗಳಲ್ಲಿ, ಲೆಕ್ಕವನ್ನು ಗುಟ್ಟಾಗಿ ನೋಡುತ್ತಿದ್ದ ಸ್ವತಂತ್ರ ಸಮಿತಿಯ ಸಲಹೆಯಂತೆ ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಿದರು. ಎರಡು ವಾರಗಳೊಳಗೆ ಸತ್ತವರು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 21.1, ಪಡೆಯದವರಲ್ಲಿ 17.9. ಎಂದರೆ, ಕಾಯುವುದೆಂದು ನಂಬಿದ್ದ ಔಷಧವೇ ನೂರರಲ್ಲಿ ಮೂವರನ್ನು ಹೆಚ್ಚಾಗಿ ಕೊಲ್ಲುತ್ತಿತ್ತು.

ಪರೀಕ್ಷೆಯೇ ಪಾಪವೆನ್ನುವ ಮೊದಲ ಪಕ್ಷದವರು ಇಲ್ಲಿ ಉತ್ತರ ಹೇಳಲಿ. ಆ ಮೂವತ್ತು ವರ್ಷಗಳಲ್ಲಿ ಸ್ಟೀರಾಯ್ಡ್ ಪಡೆದ ಅಸಂಖ್ಯ ಗಾಯಾಳುಗಳ ಮೇಲೆ ನಡೆದದ್ದೇನು? ಅದೂ ಪ್ರಯೋಗವೇ ಅಲ್ಲವೆ? ಅಲ್ಲಿ ರೋಗಿಯ ಅನುಮತಿಯನ್ನು ಕೇಳಿದವರಿಲ್ಲ, ಫಲವನ್ನು ಎಣಿಸಿದವರಿಲ್ಲ, ಕೇಡನ್ನು ಕಂಡು ನಿಲ್ಲಿಸುವ ಸಮಿತಿಯಿಲ್ಲ. ಪರೀಕ್ಷೆಗೂ ವಾಡಿಕೆಯ ಚಿಕಿತ್ಸೆಗೂ ಇರುವ ಭೇದವಿಷ್ಟೆ: ಮೊದಲನೆಯದರಲ್ಲಿ ವೈದ್ಯನು ತನ್ನ ಸಂದೇಹವನ್ನು ಒಪ್ಪಿಕೊಂಡು ಲೆಕ್ಕವಿಡುವನು, ಎರಡನೆಯದರಲ್ಲಿ ಸಂದೇಹವನ್ನು ಮುಚ್ಚಿಕೊಂಡು ಲೆಕ್ಕವಿಡದಿರುವನು. ಲೆಕ್ಕವಿಡದ ಪ್ರಯೋಗವು ಲೆಕ್ಕವಿಟ್ಟ ಪ್ರಯೋಗಕ್ಕಿಂತ ಹೆಚ್ಚು ಧರ್ಮ್ಯವಾಗುವುದು ಹೇಗೆಂಬುದನ್ನು ಅವರು ವಿವರಿಸುವವರೆಗೆ ಅವರ ಪಕ್ಷವು ನಿಲ್ಲಲಾರದು.

ಪರೀಕ್ಷೆಯಿಂದ ಕೇಡು ಬಯಲಾದಂತೆ ಒಳಿತೂ ಬಯಲಾಗುವುದಕ್ಕೆ ಎರಡನೆಯ ನಿದರ್ಶನವಿದೆ. ರಕ್ತ ಹೆಪ್ಪುಗಟ್ಟಿದ್ದು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನ ಉತಾಕೊ ಒಕಾಮೊಟೊ, ಶೊಸುಕೆ ಒಕಾಮೊಟೊ ಎಂಬ ದಂಪತಿಗಳು 1962ರಲ್ಲಿ ಲೋಕಕ್ಕೆ ತಿಳಿಸಿದರು. ಅಪಘಾತದಲ್ಲಿ ರಕ್ತ ಸೋರಿ ಸಾಯುವವರಿಗೆ ಇದು ಉಪಕರಿಸುವುದೋ ಎಂಬುದು ಮಾತ್ರ ಸುಮಾರು ಐವತ್ತು ವರ್ಷ ನಿರ್ಣಯವಾಗಲಿಲ್ಲ. ಅದೇ ಲಂಡನ್ ಸಂಸ್ಥೆಯವರು ‘ಕ್ರ್ಯಾಶ್–2’ ಎಂಬ ಪರೀಕ್ಷೆಯಲ್ಲಿ 40 ದೇಶಗಳ 274 ಆಸ್ಪತ್ರೆಗಳಿಂದ 20,211 ಗಾಯಾಳುಗಳನ್ನು ಸೇರಿಸಿ, 2010ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ಔಷಧ ಪಡೆದ 10,060 ಜನರಲ್ಲಿ 1,463 ಮಂದಿಯೂ, ಪಡೆಯದ 10,067 ಜನರಲ್ಲಿ 1,613 ಮಂದಿಯೂ ಸತ್ತರು. ಔಷಧವು ಪೇಟೆಂಟಿನ ಕಟ್ಟಿಲ್ಲದ ಹಳೆಯ ಅಗ್ಗದ ಸರಕು. ಅದು ನಮ್ಮವರ ನೆತ್ತರಿನಿಂದ ಯಾವನೋ ಧನಿಕನ ಬೊಕ್ಕಸವನ್ನು ತುಂಬಲು ಹುಟ್ಟಿದ ಹೊಸ ಮದ್ದಲ್ಲ. ಈ ಪರೀಕ್ಷೆಗೆ ಎಲ್ಲ ದೇಶಗಳಿಗಿಂತ ಹೆಚ್ಚು ಗಾಯಾಳುಗಳನ್ನು ಒದಗಿಸಿದ್ದು ನಮ್ಮ ಭಾರತವೇ. ಆದಕಾರಣ ಇದು ಪರದೇಶದ ಸುದ್ದಿಯಲ್ಲ. ನಮ್ಮ ಮನೆಯದೇ ಮಾತು.

ಹಾಗೆಂದು ಮೊದಲ ಪಕ್ಷದವರ ಭೀತಿ ನಿರಾಧಾರವಾದುದೆಂದು ಯಾರೂ ತಿಳಿಯಬಾರದು. ಅಮೆರಿಕೆಯ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರಕಾರದ ವೈದ್ಯರೇ ಬಡ ನೀಗ್ರೋ ಜನರ ಮೇಹರೋಗವನ್ನು, ಪೆನಿಸಿಲಿನ್ ದೊರೆತ ಮೇಲೆಯೂ ವಾಸಿಮಾಡದೆ, ನೋಡುತ್ತ ಕುಳಿತರು. ಅಷ್ಟು ದೂರ ಹೋಗಬೇಕಾದುದೂ ಇಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ ಹುಡುಗಿಯರಿಗೆ ಗರ್ಭಕೋಶದ ಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಹಾಕುವ ಕಾರ್ಯ ನಡೆದು, 2010ರಲ್ಲಿ ಸರಕಾರದವರು ಅದನ್ನು ನಿಲ್ಲಿಸಿದರು. ಲಸಿಕೆಯ ಗುಣದೋಷ ಇಲ್ಲಿ ಚರ್ಚೆಯ ವಿಷಯವಲ್ಲ. ತನಿಖೆ ನಡೆದಾಗ ಆಂಧ್ರದ ಸಮ್ಮತಿಪತ್ರಗಳಲ್ಲಿ ಎರಡು ಸಾವಿರಕ್ಕೂ ಮೀರಿದವುಗಳಿಗೆ ತಂದೆತಾಯಿಗಳ ಬದಲು ವಸತಿನಿಲಯದ ಮೇಲ್ವಿಚಾರಕರು ರುಜು ಹಾಕಿದ್ದು ಕಂಡುಬಂದಿತು. 2013ರಲ್ಲಿ ಪಾರ್ಲಿಮೆಂಟಿನ ಸಮಿತಿ ಇದನ್ನು ಕಠಿಣವಾದ ಮಾತುಗಳಿಂದ ಖಂಡಿಸಿತು. ಮಕ್ಕಳ ರಕ್ಷಣೆಗಾಗಿ ನೇಮಕವಾದವನು ಅವರ ಮೈಯ ಮೇಲಿನ ಹಕ್ಕನ್ನು ತಾನೇ ಬರೆದುಕೊಡುವುದು ಎಂಥ ಅಧಿಕಾರವೋ ತಿಳಿಯದು. ಮಕ್ಕಳನ್ನು ಆಳುವ ಕೆಲಸದಲ್ಲಿ ಇದ್ದವರೆಲ್ಲರೂ ಇದನ್ನು ಕೇಳಿ ನಾಚತಕ್ಕದ್ದು.

ಇಷ್ಟನ್ನು ಕೇಳಿದೊಡನೆಯೇ ಎರಡನೆಯ ಪಕ್ಷದವರು, “ಹಾಗಾದರೆ ರುಜುವನ್ನು ಇನ್ನಷ್ಟು ಬಿಗಿಮಾಡಿರಿ, ಪುಟಗಳನ್ನು ಹೆಚ್ಚಿಸಿರಿ, ಸಾಕ್ಷಿಗಳನ್ನು ಕೂರಿಸಿರಿ” ಎನ್ನುವರು. ಮೊದಲೇ ಯೋಜಿಸಿಕೊಂಡು ನಡೆಯಿಸುವ ಲಸಿಕೆ ಮುಂತಾದವುಗಳಿಗೆ ಇದು ಸಲ್ಲುತ್ತದೆ, ಅಲ್ಲಿ ಕಾಲಾವಕಾಶವಿದೆ. ಆದರೆ ಅಪಘಾತದ ಗಾಯಾಳುವಿನ ವಿಷಯದಲ್ಲಿ ಈ ಉಪಾಯವು ಎರಡು ವಿಧದಲ್ಲಿ ಕೆಡುತ್ತದೆ.

ಒಂದನೆಯದು, ಅದು ಸಮ್ಮತಿಯೇ ಅಲ್ಲ. ಹೆದ್ದಾರಿಯಲ್ಲಿ ಲಾರಿ ಬಡಿದು ಬಿದ್ದವನನ್ನು ರಾತ್ರಿಯ ಹೊತ್ತಿನಲ್ಲಿ ಆಸ್ಪತ್ರೆಗೆ ತಂದಿರುವರು. ನಾಡಿ ನಿಮಿಷಕ್ಕೆ ನೂರಹತ್ತನ್ನು ಮೀರಿದೆ, ರಕ್ತದ ಒತ್ತಡ ತೊಂಬತ್ತಕ್ಕಿಂತ ಕೆಳಗಿಳಿದಿದೆ. ಅವನ ತಮ್ಮನು ಅಣ್ಣನ ನೆತ್ತರು ತೊಯ್ದ ಅಂಗಿಯನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುವನು. ಅಂಥವನ ಕೈಗೆ ನಾಲ್ಕು ಪುಟದ ಕಾಗದವನ್ನು ಕೊಟ್ಟು, ಚೀಟಿ ಎತ್ತುವ ಕ್ರಮವೇನು, ನಿರೌಷಧದ್ರವವೆಂದರೇನು, ಹಿಂದೆಗೆಯುವ ಹಕ್ಕು ಯಾವುದು ಎಂದು ವಿವರಿಸಿದರೆ ಅವನಿಗೆ ಕೇಳಿಸುವುದು ಒಂದೇ ಮಾತು: ರುಜು ಹಾಕಿದರೆ ಅಣ್ಣನನ್ನು ನೋಡುವರು, ಹಾಕದಿದ್ದರೆ ನೋಡರು. ವೈದ್ಯನು ಹಾಗೆ ಹೇಳಿಲ್ಲದಿರಬಹುದು. ಭಯವು ಹಾಗೆ ಹೇಳುತ್ತದೆ. ಪುರೋಹಿತನು ಸಂಕಲ್ಪವನ್ನು ಹೇಳಿಕೊಟ್ಟಂತೆ ಯಜಮಾನನು ಅರ್ಥವರಿಯದೆ ಒಪ್ಪಿಸುವುದನ್ನು ನಾವೆಲ್ಲರೂ ಕಂಡಿರುವೆವು. ಅಲ್ಲಿ ಕೆಡುವುದು ಹೆಚ್ಚೆಂದರೆ ಉಚ್ಚಾರಣೆ. ಇಲ್ಲಿ ಅದೇ ಪರಿಯ ಒಪ್ಪಿಸುವಿಕೆಯನ್ನು ‘ತಿಳಿದು ಕೊಟ್ಟ ಸಮ್ಮತಿ’ ಎಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದು ಆತ್ಮವಂಚನೆ.

ಎರಡನೆಯದು, ಅದು ಪ್ರಾಣಹಾನಿಕರ. ಕ್ರ್ಯಾಶ್–2ರ ಲೆಕ್ಕವನ್ನು 2011ರಲ್ಲಿ ಮತ್ತೆ ಸೋಸಿದಾಗ, ಪೆಟ್ಟುಬಿದ್ದ ಮೂರು ಗಂಟೆಗಳೊಳಗೆ ಕೊಟ್ಟ ಔಷಧವು ರಕ್ತಸ್ರಾವದ ಮರಣಗಳನ್ನು ಕಡಮೆಮಾಡಿತೆಂದೂ, ಮೂರು ಗಂಟೆಗಳ ಮೇಲೆ ಕೊಟ್ಟದ್ದು ಅವುಗಳನ್ನು ಹೆಚ್ಚಿಸಿತೆಂದೂ ತಿಳಿಯಿತು. 2018ರಲ್ಲಿ ನಲವತ್ತು ಸಾವಿರ ರೋಗಿಗಳ ಲೆಕ್ಕವನ್ನು ಕೂಡಿಸಿ ನೋಡಿದಾಗ, ಕಾಲು ಗಂಟೆ ತಡವಾದಂತೆಲ್ಲ ಔಷಧದ ಫಲವು ನೂರಕ್ಕೆ ಹತ್ತರಂತೆ ಕುಗ್ಗುವುದೆಂದು ಕಂಡಿತು. ಮೊದಲ ಕ್ರ್ಯಾಶ್ ಪರೀಕ್ಷೆಯಲ್ಲಿ, ಮೊದಲು ಬಂಧುಗಳ ಸಮ್ಮತಿಯನ್ನು ಪಡೆಯಲೇಬೇಕೆಂದು ವಿಧಿಸಿದ್ದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯು ಒಂದು ಗಂಟೆಗೂ ಹೆಚ್ಚು ತಡವಾಗುತ್ತಿತ್ತೆಂದು ಅದನ್ನು ನಡೆಯಿಸಿದವರೇ ಪ್ರಕಟಿಸಿರುವರು. ರೋಗಿಯನ್ನು ಕಾಯಬೇಕಾದ ಕಾಗದವೇ ರೋಗಿಯ ಆಯುಸ್ಸಿನ ಗಂಟೆಯನ್ನು ತಿನ್ನುವುದಾದರೆ, ಅದು ಕಾಯುತ್ತಿರುವುದು ಯಾರನ್ನು? ಆಸ್ಪತ್ರೆಯನ್ನೂ ಪರೀಕ್ಷೆ ನಡೆಯಿಸುವವರನ್ನೂ ನ್ಯಾಯಾಲಯದಿಂದ ಕಾಯುತ್ತಿರುವುದೆಂದೇ ಹೇಳಬೇಕಾಗುವುದು.

ಹಾಗಾದರೆ ಕೇಳದೆಯೇ ಸೇರಿಸಿಬಿಡಬಹುದೆ ಎಂದರೆ, ಅಲ್ಲ. ಈ ಇಕ್ಕಟ್ಟು ಪಾಶ್ಚಾತ್ಯರು ಮೊದಲು ಕಂಡುಹಿಡಿದದ್ದಲ್ಲ. ಚರಕಸಂಹಿತೆಯ ಉದರಚಿಕಿತ್ಸೆಯ ಅಧ್ಯಾಯದಲ್ಲಿ, ಬೇರೆ ಉಪಾಯಗಳೆಲ್ಲ ಸೋತಾಗ ವಿಷಪ್ರಯೋಗವೆಂಬ ಉಗ್ರ ಚಿಕಿತ್ಸೆಗೆ ಕೈಹಾಕುವ ವೈದ್ಯನಿಗೆ ಒಂದು ಕಟ್ಟಳೆಯನ್ನು ವಿಧಿಸಿದೆ. ಅವನು ರೋಗಿಯ ಜ್ಞಾತಿಗಳು, ಮಿತ್ರರು, ಪತ್ನಿ, ಗುರುಗಳು, ರಾಜ ಮೊದಲಾದವರೆಲ್ಲರಿಗೂ, ಸುಮ್ಮನಿದ್ದರೆ ರೋಗಿಯು ಉಳಿಯಲಾರನೆಂಬುದನ್ನೂ ಮದ್ದು ಕೊಟ್ಟರೂ ಉಳಿಯುವನೆಂಬ ಭರವಸೆಯಿಲ್ಲವೆಂಬುದನ್ನೂ ತಿಳಿಸಿ, ಅವರ ಅನುಜ್ಞೆಯನ್ನು ಪಡೆದೇ ಮುಂದುವರಿಯತಕ್ಕದ್ದು. ಸುಶ್ರುತನೂ ಮೂತ್ರದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಪ್ರಕರಣದಲ್ಲಿ, ಅಧಿಪತಿಯನ್ನು ಕೇಳಿಯೇ ಕೈಯಿಡಬೇಕೆಂದು ವಿಧಿಸುವನು.

ಈ ವಿಧಿಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ವೈದ್ಯನು ತಿಳಿಸಬೇಕಾದುದು ತನ್ನ ಸಂಶಯವನ್ನು, ತನ್ನ ಭರವಸೆಯನ್ನಲ್ಲ. ಎರಡನೆಯದಾಗಿ, ಕೇಳುವುದು ಗಾಬರಿಗೊಂಡ ಒಬ್ಬ ತಮ್ಮನನ್ನು ಮಾತ್ರವಲ್ಲ. ಮನೆಯವರೊಡನೆ ಗುರುವನ್ನೂ ಅರಸನನ್ನೂ, ಎಂದರೆ ಪ್ರಾಜ್ಞರನ್ನೂ ಪ್ರಜೆಯ ಹೊಣೆ ಹೊತ್ತವರನ್ನೂ, ಕೇಳಬೇಕು. ನಮ್ಮ ಕಾಲದವರು ಮೊದಲನೆಯದನ್ನು ಕಾಗದದ ಮೂರನೆಯ ಪುಟಕ್ಕೆ ತಳ್ಳಿರುವರು. ಎರಡನೆಯದನ್ನು ಮರೆತೇ ಇರುವರು.

ಇವುಗಳಿಂದ ಸಿದ್ಧಾಂತವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಮೊದಲನೆಯದು: ಸಂಶಯವು ನಿಜವಾದುದಾಗಿರಬೇಕು. ನ್ಯಾಯಶಾಸ್ತ್ರದವರು ಸಂದೇಹವಿರುವ ವಿಷಯದಲ್ಲಿಯೇ ವಿಚಾರಕ್ಕೆ ಪ್ರವೃತ್ತಿಯೆನ್ನುವರು. ಕ್ರ್ಯಾಶ್–2ರಲ್ಲಿಯೂ, ಈ ರೋಗಿಗೆ ಔಷಧ ಬೇಕೇ ಬೇಡವೇ ಎಂಬುದರಲ್ಲಿ ಚಿಕಿತ್ಸಕನಿಗೆ ನಿಶ್ಚಯವಿಲ್ಲದಿದ್ದರೆ ಮಾತ್ರ ಅವನನ್ನು ಸೇರಿಸತಕ್ಕದ್ದೆಂಬ ನಿಯಮವಿತ್ತು. ಒಂದು ಔಷಧವು ಒಳ್ಳೆಯದೆಂದು ಸಿದ್ಧವಾದ ಬಳಿಕ, ಅದನ್ನು ಅರ್ಧ ಜನಕ್ಕೆ ತಪ್ಪಿಸುವ ಪರೀಕ್ಷೆಯನ್ನು ಯಾವ ರುಜುವೂ ಶುದ್ಧಿಮಾಡಲಾರದು.

ಎರಡನೆಯದು: ಕೇಳಬಹುದಾದಾಗ ಕೇಳಬೇಕು, ಕೇಳಿದ್ದನ್ನು ಮತ್ತೆ ಕೇಳಬೇಕು. ಪ್ರಜ್ಞೆಯಿದ್ದವನಿಗೆ ಅವನ ನುಡಿಯಲ್ಲಿ, ನಾಲ್ಕು ವಾಕ್ಯಗಳಲ್ಲಿ ಹೇಳಬೇಕು: “ಈ ಮದ್ದು ಉಪಕರಿಸುವುದೋ ಇಲ್ಲವೋ ನಮಗೆ ಗೊತ್ತಿಲ್ಲ, ತಿಳಿಯಲು ಪರೀಕ್ಷಿಸುತ್ತಿದ್ದೇವೆ, ನೀವು ಬೇಡವೆಂದರೂ ಉಳಿದ ಚಿಕಿತ್ಸೆ ನಡೆಯುವುದು, ಒಪ್ಪುವಿರಾ?” ಪ್ರಜ್ಞೆಯಿಲ್ಲದವನ ವಿಷಯದಲ್ಲಿ, ನೀತಿಸಮಿತಿಯು ಮೊದಲೇ ಒಪ್ಪಿದ ಕ್ರಮದಂತೆ ಸೇರಿಸಿಕೊಂಡರೂ, ಅವನು ಎಚ್ಚತ್ತ ಮೇಲೆ ಸಾವಧಾನವಾಗಿ ಎಲ್ಲವನ್ನೂ ತಿಳಿಸಿ, ಮುಂದುವರಿಯುವ ಇಷ್ಟವುಂಟೋ ಎಂದು ಕೇಳತಕ್ಕದ್ದು. ಸತ್ತವನ ಮನೆಯವರಿಗೂ ಮರೆಮಾಚದೆ ತಿಳಿಸತಕ್ಕದ್ದು.

ಮೂರನೆಯದು: ಕಾವಲಿರಬೇಕು. ಮೊದಲ ಕ್ರ್ಯಾಶ್ ಪರೀಕ್ಷೆಯಲ್ಲಿ ಮುಂದಿನ ಹತ್ತು ಸಾವಿರ ಜನರನ್ನು ಉಳಿಸಿದ್ದು ಯಾರ ರುಜುವೂ ಅಲ್ಲ. ಲೆಕ್ಕವನ್ನು ನೋಡಿ ‘ನಿಲ್ಲಿಸಿ’ ಎಂದ ಸಮಿತಿ. ನಮ್ಮ ದೇಶದಲ್ಲಿಯೂ ಸರ್ವೋಚ್ಚ ನ್ಯಾಯಾಲಯದ ಮುಂದೆ ದೂರು ಹೋದ ಬಳಿಕ 2013ರಿಂದ ನಿಯಮಗಳು ಬಿಗಿಯಾದುವು. 2019ರ ಹೊಸ ಔಷಧ ಮತ್ತು ಚಿಕಿತ್ಸಾಪರೀಕ್ಷಾ ನಿಯಮಗಳು, ಪರೀಕ್ಷೆಯಿಂದಾದ ಹಾನಿಗೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ ವಿಧಿಸಿವೆ. ಇವುಗಳನ್ನು ಕಣ್ಣಿಟ್ಟು ನಡೆಯಿಸುವವರಿರಬೇಕು.

ನಾಲ್ಕನೆಯದು: ಫಲವು ಕೊಟ್ಟವರಿಗೆ ತಿರುಗಿ ಬರಬೇಕು. ಇದನ್ನು ಎರಡು ಪಕ್ಷದವರೂ ಮರೆತಿರುವುದೇ ನನಗೆ ಹೆಚ್ಚಿನ ನೋವು. ಯಜ್ಞಕ್ಕೆ ಹವಿಸ್ಸು ಕೊಟ್ಟವನಿಗೆ ಪ್ರಸಾದವಿಲ್ಲವೆಂದರೆ ಅದು ಯಜ್ಞವಲ್ಲ, ಸುಲಿಗೆ. 2011ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು ಟ್ರಾನೆಕ್ಸಾಮಿಕ್ ಆಮ್ಲವನ್ನು ಅಪಘಾತದ ರಕ್ತಸ್ರಾವಕ್ಕೆ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ ರಸ್ತೆಗಳಲ್ಲಿ 2022ನೆಯ ಒಂದೇ ವರ್ಷದಲ್ಲಿ ಸತ್ತವರು 1,68,491 ಮಂದಿಯೆಂದು ಸರಕಾರದ ಲೆಕ್ಕ. ನಮ್ಮ ರಾಜ್ಯದಲ್ಲಿ 2008ರಿಂದ 108ರ ಆಂಬುಲೆನ್ಸ್ ಓಡಾಡುತ್ತಿದೆ. ಹೀಗಿರುವಲ್ಲಿ ಪ್ರತಿಯೊಬ್ಬ ವಾಚಕನೂ ತನ್ನ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಬಹುದಾದ ಪ್ರಶ್ನೆ ಒಂದಿದೆ: ಈ ಔಷಧ ಇಲ್ಲಿ ಇದೆಯೆ? ರಾತ್ರಿಯಲ್ಲಿಯೂ ಕೈಗೆ ಸಿಗುವುದೆ? ಗಾಯಾಳು ಬಂದ ಎಷ್ಟು ನಿಮಿಷಗಳಲ್ಲಿ ಕೊಡುವರು? ಜಿಲ್ಲಾ ಆಸ್ಪತ್ರೆಗೆ ಕಳುಹಿಸುವುದರಲ್ಲಿಯೇ ಮೂರು ಗಂಟೆ ಕಳೆಯುವುದಾದರೆ, ನಮ್ಮವರೇ ತಮ್ಮ ಮೈಯನ್ನೊಡ್ಡಿ ಗಳಿಸಿದ ಜ್ಞಾನವು ನಮಗೇ ಇಲ್ಲವಾಯಿತೆಂದು ಅರ್ಥ. ‘ಇಲಿಗಳಂತೆ ಬಳಸಿಕೊಂಡರು’ ಎಂಬ ಮಾತು ಆಗ ನಿಜವಾಗುವುದು; ಆದರೆ ಹಾಗೆ ಮಾಡಿದವರು ಲಂಡನ್ನಿನವರಲ್ಲ, ನಾವೇ.

ಕೊನೆಯದಾಗಿ ವಿದ್ಯಾವಂತರ ಕರ್ತವ್ಯವನ್ನು ಕುರಿತು ಒಂದು ಮಾತು. 2019ರ ನಿಯಮಗಳಂತೆ ಪ್ರತಿಯೊಂದು ನೀತಿಸಮಿತಿಯಲ್ಲಿಯೂ ಏಳಕ್ಕೆ ಕಡಮೆಯಿಲ್ಲದಷ್ಟು ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟು ಜನರಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು. ಒಬ್ಬ ಸಾಮಾನ್ಯ ಗೃಹಸ್ಥ, ಒಬ್ಬ ಸ್ತ್ರೀ, ಒಬ್ಬ ಕಾನೂನು ಬಲ್ಲವರು ಇರಲೇಬೇಕು. ಸಮಾಜಶಾಸ್ತ್ರಜ್ಞ, ತತ್ತ್ವಜ್ಞ, ಧರ್ಮಶಾಸ್ತ್ರಜ್ಞ ಮೊದಲಾದವರಲ್ಲಿ ಒಬ್ಬರಿಗೂ ಅಲ್ಲಿ ಸ್ಥಾನವಿದೆ. ಚರಕನು ಹೇಳಿದ ಗುರು, ಬಂಧು, ಅರಸರ ಪೀಠಗಳೇ ಇವು. ಹೆಸರು ಮಾತ್ರ ಬೇರೆ. ವೈದ್ಯವನ್ನು ಓದಿದವರೇ ಈ ಪೀಠಗಳಲ್ಲಿ ಕುಳಿತಿರಬೇಕೆಂದು ಯಾರೂ ವಿಧಿಸಿಲ್ಲ. ನಾವು ಕುಳಿತುಕೊಳ್ಳದಿದ್ದರೆ, ಹೇಳಿದ ಕಡೆ ರುಜು ಹಾಕುವವರನ್ನು ತಂದು ಕೂರಿಸುವರು. ಆಗ ರೋಗಿಯ ಹೆಬ್ಬೆಟ್ಟಿನ ಮೇಲೆ ಸಮಿತಿಯ ಹೆಬ್ಬೆಟ್ಟೂ ಬೀಳುವುದು, ಅಷ್ಟೆ.

ಆದಕಾರಣ ನಮ್ಮ ಜಿಲ್ಲೆಯ ಅಧ್ಯಾಪಕರು, ವಕೀಲರು, ಓದುಬಲ್ಲ ಗೃಹಿಣಿಯರು, ಮಠಮಂದಿರಗಳ ಪಂಡಿತರು, ತಮ್ಮ ಸಮೀಪದ ವೈದ್ಯಕೀಯ ಕಾಲೇಜುಗಳಿಗೆ ಬರೆದು, ಆ ಸಮಿತಿಗಳಲ್ಲಿ ಸೇವೆಮಾಡಲು ಸಿದ್ಧರೆಂದು ತಿಳಿಸತಕ್ಕದ್ದು. ಸೇರಿದ ಮೇಲೆ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ: ನಿಮಗೆ ನಿಜವಾಗಿಯೂ ಸಂಶಯವಿದೆಯೆ? ಅದನ್ನು ರೋಗಿಗೆ ಯಾವ ಮಾತಿನಲ್ಲಿ ಹೇಳುವಿರಿ? ಕೇಡು ಕಂಡರೆ ನಿಲ್ಲಿಸುವವರು ಯಾರು? ಮದ್ದು ಒಳ್ಳೆಯದೆಂದು ತೇರ್ಗಡೆಯಾದರೆ ನಮ್ಮ ಊರಿಗೆ ಬರುವುದೆ? ಈ ನಾಲ್ಕಕ್ಕೆ ನೇರವಾದ ಉತ್ತರ ಬಂದಲ್ಲಿ ಪರೀಕ್ಷೆ ನಡೆಯಲಿ. ಬಾರದಲ್ಲಿ, ಎಷ್ಟು ರುಜುಗಳಿದ್ದರೂ ನಿಲ್ಲಲಿ.